ಹುಡುಕ ಹೊರಟ ನೂರು ಮಂದಿಗೆ ಅಮೀರ್ ಯಾರು?

ಕರಾವಳಿಯ ಯಾವುದಾದರೊಂದು ಪಟ್ಟಣದಲ್ಲಿ ಒಂದು ಮಗುವೋ ಒಬ್ಬ ವೃದ್ಧರೋ ಸಂಜೆಯ ಹೊತ್ತಿಗೆ ಮನೆಗೆ ಮರಳಲಿಲ್ಲವೆಂದು ಭಾವಿಸೋಣ. ಮಗ್ರಿಬ್ ನಮಾಝ್ ಮುಗಿಯುತ್ತಲೇ ಮಸೀದಿಯ ಮೈಕಿನಲ್ಲಿ ಪ್ರಕಟಣೆಯಾಗುತ್ತದೆ. ಭಾವಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಇಶಾ ಆಗುವುದರೊಳಗೆ ನೂರು ಮಂದಿ ಯುವಕರು ಟಾರ್ಚು ಹಿಡಿದು ಬೈಕುಗಳಲ್ಲಿ ಹೊರಟಿರುತ್ತಾರೆ. ಅವರಲ್ಲಿ ಅನೇಕರು ಮಧ್ಯಾಹ್ನದ ಬಳಿಕ ಏನನ್ನೂ ತಿಂದಿರುವುದಿಲ್ಲ, ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರೂ ಇರುತ್ತಾರೆ. ಇಂತಹ ಕರೆಗೆ ಓಗೊಡುವ ಮನಸ್ಸು ನಮ್ಮ ಯುವಕರಲ್ಲಿ ಇನ್ನೂ ಉಳಿದಿದೆ ಎಂಬುದು ಅಲ್ಲಾಹನ ದೊಡ್ಡ ಅನುಗ್ರಹ. ಅದನ್ನು ಪ್ರಶ್ನಿಸುವ ಉದ್ದೇಶ ನಮಗಿಲ್ಲ.

ನಮ್ಮ ಪ್ರಶ್ನೆ ಬೇರೆ. ಆ ನೂರು ಮಂದಿಯಲ್ಲಿ ಯಾರು ಎಲ್ಲಿಗೆ ಹೋಗಬೇಕೆಂದು ನಿರ್ಧರಿಸಿದವರು ಯಾರು? ಹೋದವರ ಹೆಸರನ್ನು ಬರೆದಿಟ್ಟುಕೊಂಡವರು ಯಾರು? ಒಂದೇ ಹಾಡಿಯನ್ನು ಮೂರು ಗುಂಪುಗಳು ಮೂರು ಸಲ ಜಾಲಾಡಿದಾಗ, ತೋಡಿನ ಆಚೆ ಬದಿಗೆ ಒಬ್ಬನೂ ಕಾಲಿಡಲಿಲ್ಲ ಎಂಬುದನ್ನು ಗಮನಿಸಿದವರು ಯಾರು? ಕತ್ತಲಲ್ಲಿ ಗುಡ್ಡ ಏರಿದ ನಾಲ್ವರಲ್ಲಿ ಮೂವರು ಮಾತ್ರ ಇಳಿದು ಬಂದರೆ ಅದು ಎಷ್ಟು ಹೊತ್ತಿಗೆ, ಯಾರ ಗಮನಕ್ಕೆ ಬರುತ್ತದೆ? ಬಹುತೇಕ ಊರುಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿಲ್ಲ. ನಮ್ಮಲ್ಲಿ ಸ್ವಯಂಸೇವಕರಿಗೆ ಬರಗಾಲವಿಲ್ಲ. ಐದಾರು ಮಂದಿಯನ್ನು ಕರೆದೊಯ್ದು, ಹುಡುಕಿಸಿ, ಎಲ್ಲರನ್ನೂ ಸುರಕ್ಷಿತವಾಗಿ ಮರಳಿ ತರಬಲ್ಲ ತರಬೇತಾದ ನಾಯಕನಿಗೆ ಬರಗಾಲವಿದೆ.

2010ರ ಮೇ 22ರ ಮುಂಜಾನೆಯನ್ನು ಕರಾವಳಿಯ ಮುಸ್ಲಿಮ್ ಕುಟುಂಬಗಳಿಗೆ ನೆನಪಿಸಬೇಕಾಗಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಮೃತಪಟ್ಟರು, ಬದುಕುಳಿದವರು ಎಂಟೇ ಮಂದಿ. ಮೊದಲು ತಲುಪಿದವರು ಸುತ್ತಮುತ್ತಲಿನ ನಿವಾಸಿಗಳು. ಉರಿಯುವ ಅವಶೇಷದ ಹತ್ತಿರ ಹೋಗಲು ಅವರು ಜಾತಿ-ಮತ ಕೇಳಲಿಲ್ಲ. ಆದರೆ ಅದೇ ಕಿರಿದಾದ ದಾರಿಯಲ್ಲಿ ಆಂಬುಲೆನ್ಸುಗಳ ಜೊತೆ ನೋಡಲು ಬಂದವರ ಗುಂಪೂ ಸೇರಿತು. ಕೊನೆಗೆ ಉಳಿದದ್ದು ಇನ್ನೊಂದು ನೋವು: ಹನ್ನೆರಡು ಮೃತದೇಹಗಳ ಗುರುತು ಡಿಎನ್‌ಎ ಪರೀಕ್ಷೆಯ ಬಳಿಕವೂ ಹತ್ತಲಿಲ್ಲ. ಅವುಗಳನ್ನು ಕೂಳೂರಿನಲ್ಲಿ ನದಿಯ ದಂಡೆಯ ಬಳಿ ಸಾಮೂಹಿಕವಾಗಿ ಮಣ್ಣು ಮಾಡಬೇಕಾಯಿತು. ಕೆಲವು ದೇಹಗಳು ಆರಂಭದ ಗೊಂದಲದಲ್ಲಿ ತಪ್ಪಾಗಿ ಗುರುತಿಸಲ್ಪಟ್ಟು ಬೇರೆ ಮನೆಗಳಿಗೆ ಹೋಗಿರಬೇಕೆಂಬ ಅನುಮಾನ ಅಂದೇ ವ್ಯಕ್ತವಾಗಿತ್ತು. ಬೆಂಕಿಯಲ್ಲಿ ಬೆಂದ ದೇಹಗಳ ಗುರುತು ಹಿಡಿಯುವುದು ಎಷ್ಟು ಕಷ್ಟವೆಂದು ನಮಗೆ ತಿಳಿದಿದೆ, ಯಾರನ್ನೂ ದೂರುತ್ತಿಲ್ಲ. ಆದರೆ ಯಾವ ದೇಹ ಎಲ್ಲಿ, ಯಾವ ವಸ್ತುವಿನ ಪಕ್ಕದಲ್ಲಿ ಸಿಕ್ಕಿತು ಎಂದು ಸ್ಥಳದಲ್ಲೇ ಬರೆದಿಡುವ ಒಂದು ಪುಸ್ತಕ ಮತ್ತು ಪೆನ್ನು ಸ್ಟ್ರೆಚರಿನಷ್ಟೇ ಮುಖ್ಯವೆಂದು ಆ ಹನ್ನೆರಡು ಕುಟುಂಬಗಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಹತ್ತು ವರ್ಷಗಳ ಬಳಿಕ, 2020ರ ಆಗಸ್ಟ್ 7ರ ಮಳೆಯ ರಾತ್ರಿ, ಕೋಝಿಕ್ಕೋಡಿನ ಕರಿಪುರದಲ್ಲಿ ಅಂತಹುದೇ ವಿಮಾನ ಜಾರಿ ಹೋಳಾಯಿತು. ಕೊರೋನಾ ನಿರ್ಬಂಧವಿದ್ದ ಪ್ರದೇಶ ಅದು. ಆದರೂ ಕೊಂಡೋಟಿಯ ಜನ ಹೊರಬಂದು ಗಾಯಾಳುಗಳನ್ನು ತಮ್ಮ ಸ್ವಂತ ಕಾರುಗಳಲ್ಲಿ ಆಸ್ಪತ್ರೆಗೆ ಒಯ್ದರು. ವಿಮಾನದಲ್ಲಿದ್ದ 190 ಮಂದಿಯಲ್ಲಿ ಸತ್ತವರ ಸಂಖ್ಯೆ 21ಕ್ಕೆ ನಿಂತುದರಲ್ಲಿ ಆ ಜನರ ಪಾಲು ದೊಡ್ಡದು. ಅಲ್ಲಿಯೂ ಯಾವ ಮಗುವನ್ನು ಯಾರು ಯಾವ ಆಸ್ಪತ್ರೆಗೆ ಒಯ್ದರೆಂಬ ಪಟ್ಟಿ ಇರಲಿಲ್ಲ. ಹೆತ್ತವರಿಂದ ಬೇರ್ಪಟ್ಟ ಮಕ್ಕಳ ಚಿತ್ರಗಳು ರಾತ್ರಿಯಿಡೀ ಮೊಬೈಲುಗಳಲ್ಲಿ ವಾರಸುದಾರರನ್ನು ಹುಡುಕುತ್ತಾ ಅಲೆದವು.

ಇನ್ನು ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆ. 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಚಹಾದಂಗಡಿಯೂ ನಿಂತಿದ್ದ ವಾಹನಗಳೂ ಗಂಗಾವಳಿ ನದಿಗೆ ತಳ್ಳಲ್ಪಟ್ಟವು. ಕೇರಳದ ಲಾರಿಯೊಂದು ಹೆದ್ದಾರಿಯ ಮೇಲಿನ ಮಣ್ಣಿನಡಿಯಲ್ಲೇ ಇದೆ, ಚಾಲಕ ಒಳಗೆ ಜೀವಂತ ಇರಬಹುದು ಎಂಬ ನಂಬಿಕೆಯಲ್ಲಿ ಮೊದಲ ದಿನಗಳ ಶ್ರಮವೆಲ್ಲ ನೆಲದ ಮಣ್ಣು ತೆಗೆಯುವುದಕ್ಕೇ ವ್ಯಯವಾಯಿತು. ರಾಡಾರ್ ಬಂತು, ಸೇನೆ ಬಂತು, ಕೇರಳದಿಂದ ಸ್ವಯಂಸೇವಕರು ಬಂದರು, ಮಲ್ಪೆಯ ಮುಳುಗುತಜ್ಞ ಈಶ್ವರ್ ಮಲ್ಪೆ ಪ್ರಾಣವನ್ನು ಪಣಕ್ಕಿಟ್ಟು ಸುಳಿನೀರಿಗೆ ಇಳಿದರು. ಲಾರಿ ಕೊನೆಗೂ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ನದಿಯ ತಳದಲ್ಲಿ. ಅಂತಹ ಪ್ರವಾಹದಲ್ಲಿ ಬೇಗ ಹುಡುಕಿದ್ದರೂ ಜೀವ ಉಳಿಯುತ್ತಿತ್ತೆಂದು ನಾವು ಹೇಳುವುದಿಲ್ಲ. ಆದರೆ ಆ ದಿನಗಳಲ್ಲಿ ಎರಡು ರಾಜ್ಯಗಳ ಟಿವಿ ವಾಹಿನಿಗಳೂ ರಾಜಕಾರಣಿಗಳೂ ಗಂಟೆಗೊಂದು ಜಾಗವನ್ನು ಬೆರಳು ಮಾಡಿ ತೋರಿಸುತ್ತಿದ್ದಾಗ, ಶೋಧವೆಂಬುದಕ್ಕೆ ತನ್ನದೇ ಆದ ಒಂದು ವಿದ್ಯೆಯಿದೆ ಎಂಬುದನ್ನು ಎಷ್ಟು ಮಂದಿ ನೆನೆದರು?

ನಮ್ಮ ಉಡುಪಿ ಜಿಲ್ಲೆಯಲ್ಲೇ, 2023ರ ಜುಲೈಯಲ್ಲಿ ಕೊಲ್ಲೂರು ಸಮೀಪದ ಅರಶಿನಗುಂಡಿ ಜಲಪಾತದಲ್ಲಿ ಯುವಕನೊಬ್ಬ ಕಾಲು ಜಾರಿ ಬಿದ್ದಾಗ ದೇಹ ಸಿಗಲು ಸುಮಾರು ಒಂದು ವಾರ ಹಿಡಿಯಿತು. ಸಿಕ್ಕಿದ್ದು ದೂರದ ಕಡಲಲ್ಲಿ ಅಲ್ಲ. ಜಲಪಾತದಿಂದ ಹೆಚ್ಚು ದೂರವಿಲ್ಲದ ಬಂಡೆಗಳ ನಡುವೆ.

ಆ ವಿದ್ಯೆಯ ಮೂಲಪಾಠ ಕಷ್ಟದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಮುದ್ರದಲ್ಲಿ ಶತ್ರುವಿನ ಜಲಾಂತರ್ಗಾಮಿಗಳನ್ನು ಹುಡುಕುವ ಸಲುವಾಗಿ ಅಮೆರಿಕದ ನೌಕಾಪಡೆಗೆ ಬರ್ನಾರ್ಡ್ ಕೂಪ್‌ಮನ್ ಎಂಬ ಗಣಿತಜ್ಞ ಮತ್ತು ಅವರ ಸಂಗಡಿಗರು ರೂಪಿಸಿದ ಲೆಕ್ಕವೇ ಇಂದು ಕಾಡಿನಲ್ಲಿ ದಾರಿ ತಪ್ಪಿದವರನ್ನು ಹುಡುಕುವುದಕ್ಕೂ ಆಧಾರ. ಒಂದು ಜಾಗದಲ್ಲಿ ಕಾಣೆಯಾದ ವ್ಯಕ್ತಿ ಇರುವ ಸಾಧ್ಯತೆ ಎಷ್ಟು, ಇದ್ದರೆ ನಮ್ಮ ಕಣ್ಣಿಗೆ ಬೀಳುವ ಸಾಧ್ಯತೆ ಎಷ್ಟು, ಇವೆರಡನ್ನೂ ಗುಣಿಸಿದರೆ ಬರುವುದೇ ಹುಡುಕಾಟ ಫಲಿಸುವ ಸಾಧ್ಯತೆ. ವ್ಯಕ್ತಿ ಒಂದು ಹಾಡಿಯಲ್ಲಿರುವ ಸಾಧ್ಯತೆ ನೂರಕ್ಕೆ ಹತ್ತು ಮಾತ್ರ ಎಂದಾದರೆ, ಎಂಬತ್ತು ಮಂದಿ ಭುಜಕ್ಕೆ ಭುಜ ಕೊಟ್ಟು ನಡೆದು ನೂರಕ್ಕೆ ತೊಂಬತ್ತರಷ್ಟು ಚೆನ್ನಾಗಿ ಹುಡುಕಿದರೂ ಫಲ ನೂರಕ್ಕೆ ಒಂಬತ್ತು. ತೋಡಿನ ದಂಡೆಯಲ್ಲಿರುವ ಸಾಧ್ಯತೆ ನೂರಕ್ಕೆ ಅರವತ್ತಾಗಿದ್ದರೆ, ಅಲ್ಲಿ ಆರೇ ಮಂದಿ ಅರ್ಧದಷ್ಟು ಚೆನ್ನಾಗಿ ಹುಡುಕಿದರೂ ಫಲ ಮೂವತ್ತು. ಎಂಟನೆಯ ತರಗತಿಯ ಹುಡುಗಿಯೂ ಮಾಡಬಲ್ಲ ಲೆಕ್ಕ ಇದು. ಆದರೆ ನೂರು ಮಂದಿಯ ಗದ್ದಲದ ನಡುವೆ ಕೂತು ಇದನ್ನು ಮಾಡುವವರು ಬೇಕು, ಮಾಡಿದ ಲೆಕ್ಕಕ್ಕೆ ಆ ನೂರು ಮಂದಿ ತಲೆಬಾಗಬೇಕು.

ಅನಕ್ಷರಸ್ಥ ಸಾಹಸದ ಬೆಲೆಯೂ ದೊಡ್ಡದು. 1985ರ ಮೆಕ್ಸಿಕೋ ನಗರದ ಭೂಕಂಪದಲ್ಲಿ ತರಬೇತಿಯಿಲ್ಲದ ಸ್ವಯಂಸೇವಕರು ಎಂಟುನೂರರಷ್ಟು ಜನರನ್ನು ಅವಶೇಷಗಳಿಂದ ಜೀವಂತ ಹೊರತೆಗೆದರು. ಆ ಪ್ರಯತ್ನದಲ್ಲಿ ನೂರಕ್ಕೂ ಹೆಚ್ಚು ಸ್ವಯಂಸೇವಕರು ತಾವೇ ಜೀವ ಕಳೆದುಕೊಂಡರು. ಅಮೆರಿಕದ ಲಾಸ್ ಏಂಜಲೀಸ್‌ನ ಅಗ್ನಿಶಾಮಕ ಇಲಾಖೆ ಆ ಅನುಭವವನ್ನು ಕಂಡು ನಾಗರಿಕರಿಗೆ ತರಬೇತಿ ನೀಡುವ ವ್ಯವಸ್ಥೆಯನ್ನೇ ಆರಂಭಿಸಿತು. ನಮ್ಮ ಕೆರೆಗಳಲ್ಲಿ, ಮಳೆಗಾಲದಲ್ಲಿ ನೀರು ತುಂಬಿದ ಕೆಂಪುಕಲ್ಲಿನ ಕೋರೆಗಳಲ್ಲಿ ಮುಳುಗುತ್ತಿರುವವನನ್ನು ರಕ್ಷಿಸಲು ಹಾರಿದವನೂ ಮುಳುಗಿದ ಸುದ್ದಿ ವರ್ಷ ವರ್ಷವೂ ಪತ್ರಿಕೆಗಳಲ್ಲಿ ಬರುತ್ತದೆ. ನಾವು ಅವನನ್ನು ಹುತಾತ್ಮನೆಂದು ಕೊಂಡಾಡುತ್ತೇವೆ. ಹಗ್ಗ ಎಸೆ, ಕೋಲು ಚಾಚು, ಹಾರಬೇಡ ಎಂದು ಅವನಿಗೆ ಮೊದಲೇ ಕಲಿಸಲಿಲ್ಲವೇಕೆಂದು ಯಾರೂ ಕೇಳುವುದಿಲ್ಲ.

ನಾಯಕತ್ವದ ಪಾಠಕ್ಕೆ ಮುಸ್ಲಿಮರು ಪರದೇಶದ ಪುಸ್ತಕಗಳನ್ನಷ್ಟೇ ಹುಡುಕಬೇಕಾಗಿಲ್ಲ. ಮೂವರು ಪ್ರಯಾಣ ಹೊರಟರೂ ಒಬ್ಬನನ್ನು ಅಮೀರ್ ಆಗಿ ಮಾಡಿಕೊಳ್ಳಬೇಕೆಂದು ಪ್ರವಾದಿ(ಸ) ಕಲಿಸಿದರು. ಅದನ್ನು ನಾವು ಮದ್ರಸದಲ್ಲಿ ಓದಿದ್ದೇವೆ, ತಬ್ಲೀಗಿನ ಪಯಣದಲ್ಲಿ ಪಾಲಿಸುತ್ತೇವೆ, ಕಾಣೆಯಾದ ಮಗುವನ್ನು ಹುಡುಕಲು ಹೊರಟಾಗ ಮಾತ್ರ ಮರೆಯುತ್ತೇವೆ. ಸಹೀಹ್ ಬುಖಾರಿಯಲ್ಲಿ ಇನ್ನೊಂದು ಘಟನೆಯಿದೆ. ಪ್ರವಾದಿಯವರು(ಸ) ಕಳುಹಿಸಿದ ಒಂದು ತುಕಡಿಯ ನಾಯಕ ಸಿಟ್ಟಿಗೆದ್ದು, ಸೌದೆ ಒಟ್ಟಿಸಿ ಬೆಂಕಿ ಹಚ್ಚಿಸಿ, ಅದರೊಳಗೆ ಹೋಗಿರೆಂದು ತನ್ನವರಿಗೇ ಆಜ್ಞಾಪಿಸುತ್ತಾನೆ. ಕೆಲವರು ಹೋಗಲು ಸಿದ್ಧರಾಗುತ್ತಾರೆ. ಉಳಿದವರು ತಡೆಯುತ್ತಾರೆ: ಬೆಂಕಿಯಿಂದ ಪಾರಾಗಲೆಂದೇ ಅಲ್ಲವೇ ತಾವು ಪ್ರವಾದಿಯ ಬಳಿಗೆ ಬಂದದ್ದು? ಅಷ್ಟರಲ್ಲಿ ಬೆಂಕಿಯೂ ಆರುತ್ತದೆ, ಸಿಟ್ಟೂ ಆರುತ್ತದೆ. ಸಂಗತಿ ತಿಳಿದ ಪ್ರವಾದಿ(ಸ) ಒಳಗೆ ಹೋಗಿದ್ದರೆ ಅವರು ಹೊರಬರುತ್ತಿರಲಿಲ್ಲವೆಂದೂ, ವಿಧೇಯತೆ ಒಳಿತಿನಲ್ಲಿ ಮಾತ್ರವೆಂದೂ ತಿಳಿಸಿದರು. ಶೋಧ ತಂಡಗಳ ತರಬೇತಿಯಲ್ಲಿ ಇಂದು ಹೇಳಿಕೊಡುವ ಮೊದಲ ನಿಯಮ ಇದೇ ಅಲ್ಲವೇ? ರಕ್ಷಿಸಲು ಹೋದವನ ಪ್ರಾಣವೂ ಅಮಾನತ್. ಅಪಾಯದ ಆಜ್ಞೆಯನ್ನು ತಂಡದ ಕಿರಿಯನೂ ಪ್ರಶ್ನಿಸಬಹುದು. ಮುಅ್ತಾ ಯುದ್ಧಕ್ಕೆ ದಂಡು ಕಳುಹಿಸುವಾಗ ಪ್ರವಾದಿ(ಸ) ಒಬ್ಬರ ಬಳಿಕ ಒಬ್ಬರಂತೆ ಮೂವರು ನಾಯಕರನ್ನು ಮೊದಲೇ ಹೆಸರಿಸಿದ್ದರು. ಮೂವರೂ ಹುತಾತ್ಮರಾದ ಬಳಿಕ ದಂಡು ಖಾಲಿದ್(ರ) ಅವರನ್ನು ಆರಿಸಿಕೊಂಡಿತು. ನಮ್ಮ ಸಂಘಟನೆಗಳಲ್ಲಿ ಅಧ್ಯಕ್ಷರ ಫೋನು ಆಫ್ ಆಗಿದ್ದರೆ ಸಭೆಯೇ ನಡೆಯುವುದಿಲ್ಲ! ಹಿರಿಯ ಸಹಾಬಿಗಳಿದ್ದ ದಂಡಿಗೆ ಇಪ್ಪತ್ತರ ಆಸುಪಾಸಿನ ಉಸಾಮಾ(ರ) ಅವರನ್ನು ನಾಯಕರನ್ನಾಗಿ ಮಾಡಿದ ಪ್ರವಾದಿಯ(ಸ) ಅನುಯಾಯಿಗಳು, ಹೆಚ್ಚು ಚಂದಾ ಕೊಟ್ಟವರ ಮಗನನ್ನೇ ಎಲ್ಲಕ್ಕೂ ಸಂಚಾಲಕನಾಗಿ ಆರಿಸುತ್ತಿರುವುದು ವಿಪರ್ಯಾಸವಲ್ಲದೆ ಇನ್ನೇನು?

ತಂಡ ನಾಯಕನ ಕೆಲಸವೇನೆಂದು ತಿಳಿಯಲು ಕಾಪು ತಾಲೂಕಿನ ಎಲ್ಲೂರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ದೇವಸ್ಥಾನದ ಪುರಾತನ ಊರು. ಅದರ ಮಗ್ಗುಲಲ್ಲೇ 1,200 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ. ಬೈಲುಗದ್ದೆ, ತೋಡು, ಕೆಂಪುಕಲ್ಲಿನ ಗುಡ್ಡ, ಹಾಡಿ, ಕಟ್ಟೆಯಿಲ್ಲದ ಬಾವಿ. ಪಶ್ಚಿಮಕ್ಕೆ ಹೆದ್ದಾರಿ, ಸಮೀಪದಲ್ಲೇ ಕೊಂಕಣ ರೈಲಿನ ಹಳಿ. ಉಚ್ಚಿಲ, ಮೂಳೂರು, ಪಡುಬಿದ್ರಿ, ಕಾಪುವಿನ ನಮ್ಮ ಜಮಾಅತ್‌ಗಳ ಯುವಕರು ಕರೆ ಬಂದರೆ ಹತ್ತು-ಹದಿನೈದು ನಿಮಿಷಗಳಲ್ಲಿ ತಲುಪಬಹುದಾದ ದೂರ. ಇಂತಹ ಊರಿನ ಮನೆಯೊಂದರಿಂದ ಮರೆವಿನ ಕಾಯಿಲೆಯ ಹಿರಿಯರೊಬ್ಬರು ಅಸರ್ ಬಳಿಕ ಕಾಣೆಯಾದರೆನ್ನೋಣ.

ತರಬೇತಾದ ನಾಯಕಿ ಅಥವಾ ನಾಯಕ ಮೊದಲು ಬೈಕು ಹತ್ತುವುದಿಲ್ಲ. ಪೊಲೀಸರಿಗೆ ತಿಳಿಸಿದ್ದಾರೆಯೇ ಎಂದು ಕೇಳುತ್ತಾರೆ. ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬುದು ಬರಿಯ ಕಟ್ಟುಕಥೆ, ಅಂತಹ ಕಾನೂನಿಲ್ಲ. ಕಾಣೆಯಾದದ್ದು ಮಗುವಾಗಿದ್ದರಂತೂ ಪ್ರಥಮ ವರ್ತಮಾನ ವರದಿ ದಾಖಲಿಸಲೇಬೇಕೆಂದು ಸುಪ್ರೀಮ್ ಕೋರ್ಟು 2013ರ ಮೇಯಲ್ಲೇ ಆದೇಶಿಸಿದೆ. ಆ ಬಳಿಕ ಮನೆಯನ್ನೇ ಹುಡುಕಿಸುತ್ತಾರೆ: ಮಂಚದಡಿ, ಅಟ್ಟ, ಹಟ್ಟಿ, ಬಚ್ಚಲು, ಬಾವಿ. ಕಾಣೆಯಾಗಿದ್ದಾರೆಂದು ಊರೆಲ್ಲ ಹುಡುಕಿದ ಮಕ್ಕಳು ಮನೆಯ ಮೂಲೆಯಲ್ಲೇ ನಿದ್ರಿಸುತ್ತಿದ್ದ ಪ್ರಸಂಗಗಳು ಜಗತ್ತಿನೆಲ್ಲೆಡೆ ಇವೆ. ಕೊನೆಯದಾಗಿ ಕಂಡವರು ಯಾರು, ಎಷ್ಟು ಗಂಟೆಗೆ, ಯಾವ ದಿಕ್ಕಿಗೆ ಮುಖ ಮಾಡಿದ್ದರು, ಕಾಲಲ್ಲಿ ಚಪ್ಪಲಿಯಿತ್ತೇ, ಔಷಧ ಯಾವುದು, ಚಿಕ್ಕಂದಿನ ಮನೆ ಯಾವ ಕಡೆ, ದಿನಾ ಯಾವ ದಾರಿಯಲ್ಲಿ ನಮಾಝಿಗೆ ಹೋಗುತ್ತಿದ್ದರು? ಮರೆವಿನ ಕಾಯಿಲೆಯವರು ಸಾಮಾನ್ಯವಾಗಿ ಬಹಳ ದೂರ ಹೋಗುವುದಿಲ್ಲ. ಪೊದೆಗೋ ಬೇಲಿಗೋ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತಾರೆ, ಹೆಸರು ಹಿಡಿದು ಕೂಗಿದರೂ ಅನೇಕರು ಓಗೊಡುವುದಿಲ್ಲ. ಹಾಗಾಗಿ ಕೂಗುತ್ತಾ ಬೈಕಿನಲ್ಲಿ ಸುತ್ತುವ ನೂರು ಮಂದಿಗಿಂತ, ಮನೆಯ ಸುತ್ತಲಿನ ಪ್ರತಿ ಪೊದೆಯನ್ನು ಬಗ್ಗಿ ನೋಡುವ ಹತ್ತು ಮಂದಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಪುಟ್ಟ ಮಕ್ಕಳೂ ಅಷ್ಟೇ. ಅಪರಿಚಿತರ ಕೂಗಿಗೆ ಹೆದರಿ ಅಡಗುತ್ತಾರೆ.

ಇಲ್ಲಿ ಮಹಿಳೆಯರ ಮಾತು ಬರುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ಬಲ್ಲವರು ಮನೆಯ ಹೆಂಗಸರು. ಅಂಗಳದಲ್ಲಿ ಇಪ್ಪತ್ತು ಮಂದಿ ಗಂಡಸರು ನಿಂತಿರುವಾಗ ಅಡುಗೆಮನೆಯ ಬಾಗಿಲ ಹಿಂದೆ ನಿಂತ ಸೊಸೆ, ಮಾವ ಬೆಳಿಗ್ಗೆ ಕೋಪಿಸಿಕೊಂಡಿದ್ದರು ಎಂಬುದನ್ನಾಗಲಿ, ಹದಿಹರೆಯದ ಮಗಳಿಗೆ ಬಂದ ಫೋನು ಕರೆಯನ್ನಾಗಲಿ ಬಾಯಿಬಿಟ್ಟು ಹೇಳಿಯಾಳೇ? ಅವಳ ಪಕ್ಕ ಕೂತು, ಅವಮಾನವಾಗದಂತೆ ಕೇಳಿ, ಕೇಳಿದ್ದನ್ನು ಊರಿಗೆ ಹರಡದೆ ಅಗತ್ಯವಿದ್ದಷ್ಟನ್ನು ಮಾತ್ರ ತಂಡಕ್ಕೆ ತಿಳಿಸುವ ಮಹಿಳೆ ಬೇಕು. ಕಾಣೆಯಾದವರು ಮಹಿಳೆಯಾಗಿದ್ದರೆ, ಗಾಯಗೊಂಡು ಸಿಕ್ಕರೆ, ಆರೈಕೆಗೂ ಅವರೇ ಬೇಕು. ಪದವಿ ಪಡೆದು ಮನೆಯಲ್ಲಿ ಕೂತಿರುವ ನಮ್ಮ ನೂರಾರು ಹೆಣ್ಣುಮಕ್ಕಳಲ್ಲಿ ಈ ಸಾಮರ್ಥ್ಯವಿದೆ. ಗಾಯಾಳು ಯೋಧರನ್ನು ಆರೈಕೆ ಮಾಡಿದ ರುಫೈದಾ(ರ) ಅವರ ಹೆಸರನ್ನು ವೇದಿಕೆಯಲ್ಲಿ ಉಲ್ಲೇಖಿಸಿ ಚಪ್ಪಾಳೆ ಗಿಟ್ಟಿಸುವ ನಮ್ಮ ಭಾಷಣಕಾರರು, ತಮ್ಮ ಮನೆಯ ಹೆಣ್ಣುಮಕ್ಕಳನ್ನು ಪ್ರಥಮ ಚಿಕಿತ್ಸೆಯ ತರಗತಿಗೆ ಕಳುಹಿಸಲು ಹಿಂಜರಿಯುತ್ತಿರುವುದೇಕೆ?

ಮಾಹಿತಿ ಸಿಕ್ಕ ಬಳಿಕವೇ ನಕಾಶೆ. ರಸ್ತೆ, ತೋಡು, ಬೇಲಿ ಇವುಗಳನ್ನೇ ಗಡಿಯಾಗಿಸಿ ಊರನ್ನು ತುಂಡುಗಳಾಗಿ ವಿಂಗಡಿಸಬೇಕು. ಒಬ್ಬ ನಾಯಕನಿಗೆ ಮೂರರಿಂದ ಏಳು ಮಂದಿ, ಐದಾದರೆ ಉತ್ತಮ. ಇದು ಯಾರದೋ ಇಷ್ಟವಲ್ಲ. ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚುಗಳ ಗೊಂದಲದಿಂದ ಪಾಠ ಕಲಿತು ರೂಪಿಸಲಾದ, 2010ರಲ್ಲಿ ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ ಮಾರ್ಗಸೂಚಿಯಾಗಿ ಹೊರತಂದ ಪದ್ಧತಿಯ ಪಾಠ. ಹೊರಡುವ ಮುನ್ನ ಹೆಸರು ಬರೆಯಬೇಕು, ಮರಳುವ ಸಮಯ ಹೇಳಬೇಕು, ಫೋನು ಸಿಗದ ಜಾಗಕ್ಕೆ ಸೀಟಿಯ ಸಂಕೇತ ಕಲಿಸಬೇಕು. ಕುಸಿದ ಕಟ್ಟಡಗಳ ರಕ್ಷಣೆಯಲ್ಲಿ ಅಂತಾರಾಷ್ಟ್ರೀಯವಾಗಿ ಒಪ್ಪಿತವಾದ ಸಂಕೇತವಿದೆ: ಮೂರು ಚಿಕ್ಕ ಸೀಟಿಯೆಂದರೆ ಕೂಡಲೇ ಹೊರಗೆ ಬನ್ನಿ, ಒಂದು ದೀರ್ಘ ಸೀಟಿಯೆಂದರೆ ಕೆಲಸ ನಿಲ್ಲಿಸಿ ಮೌನವಾಗಿರಿ, ಒಂದು ದೀರ್ಘ, ಒಂದು ಚಿಕ್ಕ ಸೀಟಿಯೆಂದರೆ ಮತ್ತೆ ಆರಂಭಿಸಿ. ಆ ಮೌನವೇ ಮಣ್ಣಿನಡಿಯ ಕ್ಷೀಣ ಧ್ವನಿಯನ್ನು ಕೇಳಿಸುವುದು. ನಮ್ಮ ಜನರಿಗೆ ಕಲಿಸಲು ಅತ್ಯಂತ ಕಷ್ಟವಾದದ್ದೂ ಅದೇ ಇರಬಹುದು. ದಾರಿಯಲ್ಲಿ ಚಪ್ಪಲಿ ಸಿಕ್ಕರೆ ಎತ್ತಿಕೊಂಡು ಓಡಬಾರದು; ಅಲ್ಲೇ ಬಿಟ್ಟು, ಗುರುತು ಹಾಕಿ, ಪೊಲೀಸರಿಗೆ ತಿಳಿಸಬೇಕು. ಮರಳಿ ಬಂದ ಬಳಿಕ ನಾಯಕ ಪ್ರಾಮಾಣಿಕವಾಗಿ ಒಪ್ಪಿಸಬೇಕು: ತಮ್ಮ ತುಂಡಿನಲ್ಲಿ ಮುಳ್ಳುಪೊದೆಯ ಮೂಲೆಯೊಂದನ್ನು ನೋಡಲಾಗಲಿಲ್ಲ ಎಂದು. ಎಲ್ಲ ನೋಡಿದೆವು ಎಂಬ ಸುಳ್ಳು ಹೆಮ್ಮೆ ಆ ಮೂಲೆಯಲ್ಲಿ ಬಿದ್ದವನನ್ನು ಕೊಲ್ಲುತ್ತದೆ.

ಈ ಮಾತಿಗೆ ಒಂದು ರಾಜಕೀಯ ಮುಖವೂ ಇದೆ. ಕರಾವಳಿಯ ಇಂದಿನ ವಾತಾವರಣದಲ್ಲಿ, ರಾತ್ರಿಯ ವೇಳೆ ಒಂದೇ ಬಣ್ಣದ ಜಾಕೆಟ್ ತೊಟ್ಟ ಹದಿನೈದು ಮುಸ್ಲಿಮ್ ಯುವಕರು ಗುಡ್ಡದ ಕಡೆ ಹೊರಟರೆ ಕೆಲವರ ಕಣ್ಣಿಗೆ ಮೊದಲು ಕಾಣುವುದು ಸೇವೆಯಲ್ಲ, ಸಂಶಯ. ಅದು ಅನ್ಯಾಯವೆಂದು ನಾವು ಹೇಳುತ್ತೇವೆ, ಹೇಳುತ್ತಲೇ ಇರುತ್ತೇವೆ. ಆದರೆ ಅನ್ಯಾಯವೆಂದು ಹೇಳಿ ಮನೆಯಲ್ಲಿ ಕೂರಲಾಗದು. ಬಹಿರಂಗವಾಗಿ ತರಬೇತಿ ಪಡೆದ, ತಹಶೀಲ್ದಾರರ ಕಚೇರಿಯಲ್ಲೂ ಠಾಣೆಯಲ್ಲೂ ಹೆಸರು ದಾಖಲಾದ, ಮೊಗವೀರ, ಬಿಲ್ಲವ, ಬಂಟ, ಕ್ರೈಸ್ತ, ದಲಿತ ಯುವಕರೊಂದಿಗೆ ಬೆರೆತ ತಂಡವನ್ನು ಸಂಶಯಿಸುವುದು ಯಾರಿಗೂ ಸುಲಭವಲ್ಲ. ಹಿಂದೂ ತಾಯಿಯ ಮಗುವನ್ನು ಮುಸ್ಲಿಮ್ ತಂಡ ನಾಯಕ ಹುಡುಕುತ್ತಿದ್ದಾನೆ, ಅವನ ಮಾತನ್ನು ಮೊಗವೀರ ಯುವಕರು ಪಾಲಿಸುತ್ತಿದ್ದಾರೆ; ನಾಳೆ ಅದೇ ಮೊಗವೀರ ನಾಯಕನ ಮಾತನ್ನು ಮುಸ್ಲಿಮ್ ಯುವಕರು ಪಾಲಿಸುತ್ತಾರೆ. ಸೌಹಾರ್ದ ಸಮಾವೇಶಗಳ ಹತ್ತು ವೇದಿಕೆಗಳಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೇರಳ ಇದನ್ನು ನಮಗಿಂತ ಮೊದಲು ಕಂಡುಕೊಂಡಿದೆ. 2019ರ ಆಗಸ್ಟಿನಲ್ಲಿ ಮಲಪ್ಪುರಂ ಜಿಲ್ಲೆಯ ಕವಳಪ್ಪಾರದಲ್ಲಿ ಗುಡ್ಡ ಕುಸಿದು 59 ಮಂದಿ ಬಲಿಯಾದಾಗ, ಪೋತುಕಲ್ಲಿನ ಮಸೀದಿ ತನ್ನ ಪ್ರಾರ್ಥನಾ ಸ್ಥಳವನ್ನೇ ಎಲ್ಲ ಧರ್ಮದವರ ಮರಣೋತ್ತರ ಪರೀಕ್ಷೆಗೆ ಬಿಟ್ಟುಕೊಟ್ಟಿತು. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲ ಕೊಚ್ಚಿಹೋದಾಗ ಆಡಳಿತವು ಪ್ರದೇಶವನ್ನು ಆರು ವಲಯಗಳಾಗಿ ವಿಂಗಡಿಸಿ, ನಲವತ್ತು ತಂಡಗಳನ್ನು ಮಾಡಿ, ಪ್ರತಿ ತಂಡದಲ್ಲಿ ಊರಿನ ಮೂವರು ಮತ್ತು ಒಬ್ಬ ಅರಣ್ಯ ಸಿಬ್ಬಂದಿ ಇರಬೇಕೆಂದು ವ್ಯವಸ್ಥೆ ಮಾಡಿತು. ಸೇನೆಗೆ ಬಲವಿತ್ತು, ಆದರೆ ಮನೆ ಎಲ್ಲಿತ್ತೆಂದು ಬಲ್ಲವನು ಊರಿನವನು. ಅಲ್ಲಿಯೂ ಎಲ್ಲವೂ ಸುಸೂತ್ರವಾಗಿರಲಿಲ್ಲ. ಸ್ವಯಂಸೇವಕರ ಅಡುಗೆಮನೆಯೊಂದನ್ನು ಅಧಿಕಾರಿಗಳು ನಿಲ್ಲಿಸಿದ ವಿವಾದ ಆ ದಿನಗಳಲ್ಲೇ ಎದ್ದಿತ್ತು. ಆಡಳಿತಕ್ಕೂ ಸ್ವಯಂಸೇವಕರಿಗೂ ಪರಿಚಯ ದುರಂತದ ಮುನ್ನವೇ ಆಗಿರಬೇಕು.

ತರಬೇತಿ ಎಲ್ಲಿದೆ ಎಂಬ ಪ್ರಶ್ನೆ ಸಹಜ. 2016ರಲ್ಲಿ ದೇಶದ 30 ಪ್ರವಾಹಪೀಡಿತ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಆಪದಾ ಮಿತ್ರ ಯೋಜನೆಯನ್ನು 2021ರಲ್ಲಿ 350 ಜಿಲ್ಲೆಗಳಿಗೆ ವಿಸ್ತರಿಸಿ ಒಂದು ಲಕ್ಷ ಸ್ವಯಂಸೇವಕರ ಗುರಿ ಹಾಕಿಕೊಳ್ಳಲಾಯಿತು. ಹನ್ನೆರಡು ದಿನಗಳ ತರಬೇತಿ, ರಕ್ಷಣಾ ಸಾಮಗ್ರಿಗಳ ಚೀಲ, ವಿಮೆ. ಬಳಿಕ ಎನ್‌ಸಿಸಿ, ಎನ್‌ಎಸ್‌ಎಸ್, ಸ್ಕೌಟ್ಸ್-ಗೈಡ್ಸ್ ಯುವಜನರಿಗಾಗಿ ಯುವ ಆಪದಾ ಮಿತ್ರ ಬಂತು. ನಮ್ಮ ಆಡಳಿತ ಮಂಡಳಿಗಳು ನಡೆಸುವ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಈ ಬಾಗಿಲನ್ನು ತಟ್ಟಿವೆಯೇ? ಗೃಹರಕ್ಷಕ ದಳವಿದೆ, 2009ರ ತಿದ್ದುಪಡಿಯ ಬಳಿಕ ವಿಪತ್ತು ನಿರ್ವಹಣೆಯೂ ಕಾನೂನಿನನ್ವಯ ನಾಗರಿಕ ರಕ್ಷಣಾ ಪಡೆಯ ಕರ್ತವ್ಯವಾಗಿದೆ. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಒಂದು ಮನವಿ ಬರೆದರೆ ಅಗ್ನಿಶಾಮಕ ದಳದವರು ಬಂದು ಹಗ್ಗದ ಗಂಟು ಕಲಿಸಲು ನಿರಾಕರಿಸುತ್ತಾರೆಂದು ನಮಗೆ ಅನ್ನಿಸುವುದಿಲ್ಲ. ಸರಕಾರದ ಯೋಜನೆಗಳಲ್ಲಿ ಕೊರತೆಯೂ ಇದೆ. ಅವು ಸ್ವಯಂಸೇವಕರನ್ನು ತಯಾರಿಸುವುದಕ್ಕೆ ಕೊಟ್ಟ ಗಮನವನ್ನು ಅವರನ್ನು ಮುನ್ನಡೆಸುವವರಿಗೆ ಕೊಟ್ಟಿಲ್ಲ, ವರ್ಷಕ್ಕೊಮ್ಮೆಯಾದರೂ ಕಲಿತದ್ದನ್ನು ಪುನರ್ಮನನ ಮಾಡಿಸುವ ಏರ್ಪಾಡು ಗಟ್ಟಿಯಾಗಿಲ್ಲ. ಹನ್ನೆರಡು ದಿನ ಕಲಿತ ಗಂಟು ಎರಡು ಮಳೆಗಾಲಗಳಲ್ಲಿ ಮರೆತುಹೋಗುತ್ತದೆ. ಇದನ್ನು ನಮ್ಮ ಶಾಸಕರು ಸದನದಲ್ಲಿ ಕೇಳಬೇಕು.

ಹಣದ ಮಾತು ಎತ್ತುವವರಿಗೆ ಒಂದು ಮಾತು. ನಮ್ಮ ಸಂಘಟನೆಗಳು ಆಂಬುಲೆನ್ಸ್ ಲೋಕಾರ್ಪಣೆಗೆ ವೇದಿಕೆ ಕಟ್ಟುತ್ತವೆ, ಸಂಘಟನೆಯ ಹೆಸರು ದಪ್ಪಕ್ಷರದಲ್ಲಿರುವ ಜಾಕೆಟ್ ಹೊಲಿಸುತ್ತವೆ, ರಕ್ಷಣೆಯ ಸ್ಥಳದಲ್ಲಿ ಫೋಟೋ ತೆಗೆಯಲು ಒಬ್ಬನನ್ನು ಪ್ರತ್ಯೇಕವಾಗಿ ನೇಮಿಸುತ್ತವೆ. ಒಂದೇ ಪಟ್ಟಣದಲ್ಲಿ ನಾಲ್ಕು ಸಂಘಟನೆಗಳ ನಾಲ್ಕು ಬಣ್ಣದ ಜಾಕೆಟುಗಳು ಒಂದನ್ನೊಂದು ಮಾತನಾಡಿಸದೆ ಒಂದೇ ಗುಡ್ಡವನ್ನು ಹುಡುಕುತ್ತವೆ. ಸುನ್ನಿ-ಸಲಫಿ-ಜಮಾಅತೆ ಇಸ್ಲಾಮಿ ಎಂಬ ಭೇದ ಕಾಣೆಯಾದ ಮಗುವಿಗೆ ತಿಳಿದಿಲ್ಲ. ಒಂದು ಜಾಕೆಟಿನ ಬೆಲೆಗೆ ಐದಾರು ಸೀಟಿ, ಒಂದು ನೋಟುಪುಸ್ತಕ, ಊರಿನ ನಕಾಶೆಯ ಪ್ರತಿ ಬರುತ್ತದೆ. ಫರ್ಝ್ ಕಿಫಾಯ ಎಂಬುದನ್ನು ನಾವು ಜನಾಝಾ ನಮಾಝಿಗೆ ಸೀಮಿತಗೊಳಿಸಿಕೊಂಡಿದ್ದೇವೆ. ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುವ, ಯಾರೂ ಮಾಡದಿದ್ದರೆ ಎಲ್ಲರೂ ಪಾಪಕ್ಕೊಳಗಾಗುವ ಕರ್ತವ್ಯವದು. ಜೀವ ಉಳಿಸುವ ವಿದ್ಯೆ ಬಲ್ಲವರು ಒಂದು ಮೊಹಲ್ಲಾದಲ್ಲಿ ಒಬ್ಬರೂ ಇಲ್ಲವೆಂದಾದರೆ ಅದು ಆ ಪಟ್ಟಿಗೆ ಸೇರುವುದಿಲ್ಲವೇ ಎಂದು ನಮ್ಮ ಉಲಮಾಗಳು ಖುತ್ಬಾದಲ್ಲಿ ವಿವರಿಸಲಿ.

ಜೂನ್ ಬರುವುದಕ್ಕೆ ಮುನ್ನ ಕಾಪು, ಉಡುಪಿ, ಕಾರ್ಕಳದ ಜಮಾಅತ್ ಸಮಿತಿಗಳು ತಮ್ಮ ಮುಂದಿನ ಸಭೆಯಲ್ಲಿ ಎರಡು ಹೆಸರುಗಳನ್ನು ಬರೆಯಲಿ: ಒಬ್ಬ ಯುವಕ, ಒಬ್ಬ ಯುವತಿ. ವಯಸ್ಸು ಇಪ್ಪತ್ತರಿಂದ ಮೂವತ್ತೈದು, ಊರಿನಲ್ಲೇ ಇರುವವರು, ಕೊಲ್ಲಿಗೆ ಹೋಗಲು ವೀಸಾ ಕಾಯುತ್ತಿರುವವರು ಬೇಡ. ಸಿಟ್ಟು ಬೇಗ ಬರುವವರೂ ಬೇಡ. ಆ ಹೆಸರುಗಳೊಂದಿಗೆ ಪಂಚಾಯತಿಗೂ ಠಾಣೆಗೂ ಪತ್ರ ಹೋಗಲಿ. ನೆರೆಯ ಯುವಕ ಮಂಡಲದಿಂದಲೂ ಭಜನಾ ಮಂಡಳಿಯಿಂದಲೂ ಚರ್ಚಿನಿಂದಲೂ ಇಬ್ಬಿಬ್ಬರನ್ನು ಕಳುಹಿಸಿರೆಂದು ಆಹ್ವಾನ ಹೋಗಲಿ. ಒಂದು ರವಿವಾರ ಎಲ್ಲೂರಿನಂತಹ ಊರಿನಲ್ಲಿ, ಹೇಳಿ ಅಡಗಿಸಿದ ಒಬ್ಬ ಸ್ವಯಂಸೇವಕನನ್ನು ಹುಡುಕುವ ಅಭ್ಯಾಸ ನಡೆಯಲಿ. ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಲಿ. ಮಸೀದಿಯ ಸೂಚನಾ ಫಲಕದಲ್ಲಿ ನಮಾಝಿನ ವೇಳಾಪಟ್ಟಿಯ ಕೆಳಗೆ ಜಾಗವಿದೆ: ಪೊಲೀಸ್ ಸಹಾಯಕ್ಕೆ 112, ಆಂಬುಲೆನ್ಸಿಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ಮಕ್ಕಳಿಗಾಗಿ 1098. ಅವುಗಳ ಕೆಳಗೆ ಆ ಇಬ್ಬರ ಹೆಸರು, ಅವರು ಸಿಗದಿದ್ದರೆ ಯಾರನ್ನು ಕರೆಯಬೇಕೆಂಬ ಮೂರನೆಯ ಹೆಸರು.